ಹೋಶೇಯ ತೆತ್ತ ಬೆಲೆ: ಹದಿನೈದು ಬೆಳ್ಳಿ, ಒಂದೂವರೆ ಹೋಮೆರ್ ಜವೆಗೋಧಿ

ಪ್ರಶ್ನೆ: ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಬೈಬಲಿನ ಹೋಶೇಯನ ಪುಸ್ತಕ ಶುರು ಮಾಡಿ ಮೊದಲ ಅಧ್ಯಾಯದಲ್ಲೇ ನಿಂತುಬಿಟ್ಟಿದ್ದೇವೆ. ದೇವರು ತನ್ನ ಪ್ರವಾದಿಗೆ ‘ವ್ಯಭಿಚಾರಿಣಿಯನ್ನು ಮದುವೆಯಾಗು’ ಎಂದದ್ದು ನಿಜವಾಗಿ ನಡೆದದ್ದೇ, ಬರೀ ಸಾಮತಿಯೇ? ಇನ್ನೊಂದು ವಿಷಯ. ಕೂಟದ ಒಬ್ಬ ಸಹೋದರಿಯ ಗಂಡನಿಗೆ ಬೇರೆ ಸಂಬಂಧವಿದೆ. ‘ಹೋಶೇಯ ತನ್ನ ಹೆಂಡತಿ ಗೋಮೆರಳನ್ನು ವಾಪಸ್ ಕರಕೊಂಡು ಬರಲಿಲ್ಲವೇನಮ್ಮಾ, ನೀನೂ ಸಹಿಸಿಕೊಂಡು ಹೋಗು’ ಎಂದು ಹಿರಿಯರೊಬ್ಬರು ಆಕೆಗೆ ಬುದ್ಧಿ ಹೇಳಿದ್ದಾರೆ. ಪುಸ್ತಕ ಹೇಳುವುದು ಇದನ್ನೇನಾ? ನಾಲ್ಕು ವಾರದಲ್ಲಿ ಹೇಗೆ ಓದಿ ಮುಗಿಸಬಹುದು?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉತ್ತರಕ್ಕಾಗಿ ಕಾದಿರುವುದು ಆ ಸಹೋದರಿ. ಪುಸ್ತಕ ಹಾಗೆ ಹೇಳುವುದಿಲ್ಲ.

ಹೋಶೇಯನಿಗೆ ಬಂದದ್ದು ಒಬ್ಬ ಪ್ರವಾದಿಗೆ, ದೇವರಿಗೆ ದ್ರೋಹ ಮಾಡಿದ ಇಸ್ರಾಯೇಲಿನ ಗುರುತಾಗಿ ಕೊಟ್ಟ ಆಜ್ಞೆ. ಯೆಶಾಯನು ಮೂರು ವರ್ಷ ಬಟ್ಟೆಯಿಲ್ಲದೆ ಬರಿಗಾಲಲ್ಲಿ ತಿರುಗಿದ (ಯೆಶಾಯ 20), ಯೆಹೆಜ್ಕೇಲನು 390 ದಿನ ಎಡಮಗ್ಗುಲಲ್ಲೇ ಮಲಗಿದ (ಯೆಹೆಜ್ಕೇಲ 4). ಇವನ್ನು ಯಾರೂ ವಿಶ್ವಾಸಿಗಳ ದಿನಚರಿಯಾಗಿ ಬೋಧಿಸುವುದಿಲ್ಲ. ಹೋಶೇಯನ ಮದುವೆಯೊಂದನ್ನು ಮಾತ್ರ ಎತ್ತಿ ನೊಂದ ಹೆಂಗಸಿನ ತಲೆಯ ಮೇಲೆ ಇಡುವುದಕ್ಕೆ ಯಾವ ಆಧಾರವೂ ಇಲ್ಲ. ಮೇಲಾಗಿ ಈ ಪುಸ್ತಕದಲ್ಲಿ ದ್ರೋಹಕ್ಕೆ ಒಳಗಾದವನು ಗಂಡ. ಆ ಕಾಲದ ಮನೆಯಲ್ಲಿ ಹಣ, ಹೊಲ, ಬಿಡುವ ಹಕ್ಕು, ಕರೆತರುವ ಹಕ್ಕು ಎಲ್ಲವೂ ಅವನ ಕೈಯಲ್ಲಿತ್ತು. ಅಷ್ಟೆಲ್ಲ ಇದ್ದವನು ತಗ್ಗಿ ಬಂದ ಎಂಬುದೇ ಕಥೆಯ ತೂಕ. ಕೈಯಲ್ಲಿ ಏನೂ ಇಲ್ಲದವಳಿಗೆ ‘ನೀನೂ ತಗ್ಗು’ ಎಂದರೆ ಕಥೆ ತಲೆಕೆಳಗಾಗುತ್ತದೆ.

ಆ ಹಿರಿಯರಿಗೆ 4ನೇ ಅಧ್ಯಾಯದ 14ನೇ ವಚನ ಓದಿಸಿ. ನಿಮ್ಮ ಹೆಣ್ಣುಮಕ್ಕಳು, ಸೊಸೆಯರು ತಪ್ಪಿ ನಡೆದರೆಂದು ನಾನು ಅವರನ್ನು ದಂಡಿಸುವುದಿಲ್ಲ, ಗಂಡಸರೇ ಸೂಳೆಯರ ಜೊತೆ ಹೋಗುತ್ತಿದ್ದಾರಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಹೆಂಗಸಿಗೊಂದು ನ್ಯಾಯ ಗಂಡಸಿಗೊಂದು ನ್ಯಾಯ ಎಂಬುದನ್ನು ಕ್ರಿ.ಪೂ. ಎಂಟನೆಯ ಶತಮಾನದ ಈ ಪ್ರವಾದಿಯೇ ಒಪ್ಪಲಿಲ್ಲ. ನಮ್ಮ ಕಾನೂನಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು, ಹೆಂಡತಿಗೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ತೋರಿಸಬೇಕಿತ್ತು. ಆ ವ್ಯತ್ಯಾಸ ಹೋದದ್ದು 2001ರ ತಿದ್ದುಪಡಿಯಲ್ಲಿ. ಯೇಸು ಕೂಡ ಮತ್ತಾಯ 19:9ರಲ್ಲಿ ಹಾದರದ ಕಾರಣವನ್ನು ಹೊರತುಪಡಿಸಿಯೇ ಮಾತಾಡುತ್ತಾನೆ. ಕ್ಷಮಿಸುವುದು ಬೇರೆ, ಒಂದೇ ಸೂರಿನಡಿ ಮತ್ತೆ ಬಾಳುವುದು ಬೇರೆ. ಎರಡನೆಯದಕ್ಕೆ ಷರತ್ತುಗಳಿವೆ, ಅವು ಹೋಶೇಯನ 3ನೇ ಅಧ್ಯಾಯದಲ್ಲೇ ಇವೆ. ಅಲ್ಲಿಗೆ ಬರುತ್ತೇನೆ.

ಈಗ ಮೊದಲ ಪ್ರಶ್ನೆ. ನಿಜವೇ, ಸಾಮತಿಯೇ ಎಂಬ ಜಗಳ ಹಳೆಯದು. ಯೆಹೂದಿ ಪಂಡಿತ ಮೈಮೊನಿಡೀಸ್ ಇದನ್ನು ದರ್ಶನದಲ್ಲಿ ಕಂಡದ್ದು ಎಂದ, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನೂ ನಿಜದ ಮದುವೆಯೆಂದು ಒಪ್ಪಲಿಲ್ಲ. ಪ್ರವಾದಿಯ ಮಾನ ಉಳಿಸುವ ಕಾಳಜಿ ಇಬ್ಬರದೂ. ಆದರೆ ಯೆಹೂದಿಗಳ ವ್ಯಾಖ್ಯಾನ ಗ್ರಂಥವಾದ ತಾಲ್ಮುದ್ ಇದನ್ನು ನಡೆದದ್ದೆಂದೇ ತೆಗೆದುಕೊಂಡು ಒಂದು ಮಾತುಕತೆಯನ್ನು ಸೇರಿಸುತ್ತದೆ: ‘ಇಸ್ರಾಯೇಲ್ ಬೇಡ, ಬೇರೆ ಜನಾಂಗವನ್ನು ಆರಿಸಿಕೋ’ ಎಂದ ಹೋಶೇಯನಿಗೆ ದೇವರು ಮದುವೆ ಮಾಡಿಸಿ, ಮಕ್ಕಳಾದ ಮೇಲೆ ‘ಈಗ ಅವಳನ್ನು ಬಿಡು’ ಎನ್ನುತ್ತಾನೆ. ‘ಮಕ್ಕಳಿದ್ದಾರಲ್ಲ, ಹೇಗೆ ಬಿಡಲಿ’ ಎನ್ನುತ್ತಾನೆ ಹೋಶೇಯ. ನನ್ನ ಓಟು ನಡೆದದ್ದೆಂಬ ಕಡೆಗೇ. ಕಾರಣ, ಪಠ್ಯದಲ್ಲಿ ಅರ್ಥ ಹೊರದ ವಿವರಗಳಿವೆ. ಗೋಮೆರ್ ಎಂಬ ಹೆಸರಿಗೂ ಅವಳ ತಂದೆ ದಿಬ್ಲಯಿಮನ ಹೆಸರಿಗೂ ಕಥೆಯಲ್ಲಿ ಯಾವ ಸಾಂಕೇತಿಕ ಕೆಲಸವೂ ಇಲ್ಲ. 1:8ರಲ್ಲಿ ಮಗಳಿಗೆ ಮೊಲೆ ಬಿಡಿಸಿದ ಮೇಲೆ ಮುಂದಿನ ಮಗು ಎಂಬ ಮಾತಿದೆ. ಆ ನಾಡಿನಲ್ಲಿ ಮೊಲೆ ಬಿಡಿಸುತ್ತಿದ್ದದ್ದು ಎರಡು ಮೂರು ವರ್ಷಕ್ಕೆ. ಬರೀ ರೂಪಕ ಕಟ್ಟುವವನಿಗೆ ಇಷ್ಟು ವರ್ಷ ಕಾಯುವ ಅಗತ್ಯವಿಲ್ಲ.

ಮೂರು ಮಕ್ಕಳ ಹೆಸರನ್ನು ಬೀದಿಯಲ್ಲಿ ನಿಂತು ಕೂಗಿ ಕರೆಯುವುದನ್ನು ಕಲ್ಪಿಸಿಕೊಳ್ಳಿ. ಮೊದಲನೆಯವನು ಇಜ್ರೇಲ್. ಯೇಹು ಅಹಾಬನ ಮನೆತನವನ್ನು ಕೊಂದು ಸಿಂಹಾಸನ ಹಿಡಿದ ಊರಿನ ಹೆಸರು ಅದು, ಆಳುತ್ತಿದ್ದ ಎರಡನೆಯ ಯಾರೊಬ್ಬಾಮ ಅದೇ ಯೇಹುವಿನ ವಂಶದವನು. ಮಗುವಿನ ಹೆಸರೇ ರಾಜದ್ರೋಹದಂತೆ ಕೇಳಿಸಿರಬೇಕು. ಎರಡನೆಯವಳು ಲೋ-ರುಹಾಮ, ಕರುಣೆ ಸಿಗದವಳು. ಮೂರನೆಯವನು ಲೋ-ಅಮ್ಮಿ, ನನ್ನ ಜನವಲ್ಲ. ಮೊದಲ ಮಗುವಿಗೆ ‘ಅವನಿಗೆ ಮಗನನ್ನು ಹೆತ್ತಳು’ ಎಂದಿದೆ, ಉಳಿದಿಬ್ಬರಿಗೆ ಹೀಬ್ರೂವಿನಲ್ಲಿ ‘ಅವನಿಗೆ’ ಎಂಬ ಮಾತೇ ಇಲ್ಲ. ಅವು ಅವನ ಮಕ್ಕಳಲ್ಲವೇನೋ ಎಂದು ಹೇಳದೇ ಹೇಳಿದ ಮಾತು. ಇನ್ನು 1:9ರ ಕೊನೆಯಲ್ಲಿ ಹೀಬ್ರೂ ಹೇಳುವುದು ‘ನಾನು ನಿಮಗೆ ಎಹ್ಯೆ ಆಗಿರುವುದಿಲ್ಲ’ ಎಂದು. ಉರಿಯುವ ಪೊದೆಯಲ್ಲಿ ಮೋಶೆಗೆ ತಿಳಿಸಿದ ‘ಇರುವಾತನೇ ಆಗಿದ್ದೇನೆ’ ಎಂಬುದರಲ್ಲಿರುವ ಪದವೇ ಅದು (ವಿಮೋಚನಕಾಂಡ 3:14). ಹೋರೇಬಿನಲ್ಲಿ ಕೊಟ್ಟ ಹೆಸರನ್ನೇ ವಾಪಸ್ ತೆಗೆದುಕೊಂಡ ಹಾಗೆ.

ದ್ರೋಹವಾದರೂ ಯಾವುದು? ಇಲ್ಲಿ ಬಹಳ ಜನ ಎಡವುತ್ತಾರೆ. ಇಸ್ರಾಯೇಲರು ಯೆಹೋವನನ್ನು ಪೂರ್ತಿ ಬಿಟ್ಟು ಹೋದರೆಂದು ತಿಳಿಯುತ್ತಾರೆ. ಬಿಟ್ಟಿರಲಿಲ್ಲ. 2:11 ನೋಡಿ, ಸಬ್ಬತ್ತು, ಅಮಾವಾಸ್ಯೆ, ಜಾತ್ರೆ ಎಲ್ಲ ನಡೆಯುತ್ತಲೇ ಇತ್ತು. ಇಸ್ರಾಯೇಲಿನ ರಾಜಧಾನಿ ಸಮಾರ್ಯದ ಅರಮನೆಯ ಪಕ್ಕ 1910ರಲ್ಲಿ ಅಗೆದಾಗ ಸಿಕ್ಕ ಕ್ರಿ.ಪೂ. ಎಂಟನೆಯ ಶತಮಾನದ ಮಡಕೆಚೂರುಗಳಲ್ಲಿ ಎಣ್ಣೆ, ದ್ರಾಕ್ಷಾರಸ ಕಳಿಸಿದ ಲೆಕ್ಕವಿದೆ. ಅದರಲ್ಲಿ ಯೆಹೋವನ ಹೆಸರು ಸೇರಿದ ಜನರೂ ಬಾಳನ ಹೆಸರು ಸೇರಿದ ಜನರೂ ಅಕ್ಕಪಕ್ಕದಲ್ಲೇ ಇದ್ದಾರೆ. ಸಮಸ್ಯೆ ಇದ್ದದ್ದು ಮಳೆಯಲ್ಲಿ. ಐಗುಪ್ತಕ್ಕೆ ನೈಲ್ ಇತ್ತು, ಕಾನಾನಿನ ರೈತನಿಗೆ ಆಕಾಶವೇ ಗತಿ. ಅಕ್ಟೋಬರ್, ನವೆಂಬರಿನಲ್ಲಿ ಮುಂಗಾರು ಬೀಳದಿದ್ದರೆ ಬಿತ್ತನೆಯಿಲ್ಲ, ಮಾರ್ಚ್, ಏಪ್ರಿಲ್‌ನಲ್ಲಿ ಹಿಂಗಾರು ತಪ್ಪಿದರೆ ತೆನೆ ಕಾಳುಗಟ್ಟುವುದಿಲ್ಲ. ಮಳೆಯ ದೇವರು ಬಾಳ ಎಂದು ಆ ಸೀಮೆಯವರು ನಂಬಿದ್ದರು. 1929ರಿಂದ ಸಿರಿಯಾದ ಉಗಾರಿತ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಬಾಳ ಮೋಡದ ಮೇಲೆ ಸವಾರಿ ಮಾಡುವವನು. ಬಿಡುಗಡೆ ಕೊಟ್ಟ ದೇವರು ಯೆಹೋವ, ಸರಿ. ಆದರೂ ಹೊಲದ ವಿಷಯಕ್ಕೆ ಬಾಳನಿಗೂ ಒಂದು ಕೈ ಮುಗಿದಿರೋಣ ಎಂಬ ಲೆಕ್ಕಾಚಾರ. ಅದಕ್ಕೇ 2:8 ಅಷ್ಟು ನೋವಿನಿಂದ ಬರುತ್ತದೆ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಈ ಮೂರನ್ನೂ ಕೊಟ್ಟವನು ನಾನೆಂದು ಅವಳಿಗೆ ಗೊತ್ತಾಗಲೇ ಇಲ್ಲ. ನಾನು ಕೊಟ್ಟ ಬೆಳ್ಳಿಬಂಗಾರವನ್ನೇ ಬಾಳನಿಗೆ ಸುರಿದರು.

‘ಬಾಳ’ ಎಂಬ ಪದವನ್ನು ಕನ್ನಡದವರಿಗೆ ವಿವರಿಸುವುದು ಸುಲಭ. ಹೀಬ್ರೂವಿನಲ್ಲಿ ಅದಕ್ಕೆ ಒಡೆಯ ಎಂಬರ್ಥ, ಗಂಡ ಎಂಬರ್ಥವೂ ಇದೆ. ನಮ್ಮಲ್ಲಿ ‘ನಮ್ಮ ಯಜಮಾನ್ರು’ ಅನ್ನುವುದಿಲ್ಲವೇ, ಹಾಗೇ. 2:16ರಲ್ಲಿ ದೇವರು ಹೇಳುವುದು: ಆ ದಿನ ನೀನು ನನ್ನನ್ನು ‘ಬಾಳೀ’ ಎನ್ನುವುದಿಲ್ಲ, ‘ಈಶೀ’ ಎನ್ನುವಿ. ಈಶೀ ಎಂದರೆ ನನ್ನ ಗಂಡ, ನನ್ನ ಮನುಷ್ಯ. ಯಜಮಾನ ಎಂಬ ಪದವನ್ನು ದೇವರೇ ಬೇಡ ಎನ್ನುತ್ತಿದ್ದಾನೆ. ಮನೆಯಲ್ಲಿ ಒಡೆತನ ಚಲಾಯಿಸಲು ಹೋಶೇಯನನ್ನು ಉದ್ಧರಿಸುವ ಗಂಡಸರು ಈ ವಚನದ ಹತ್ತಿರ ಸುಳಿಯುವುದಿಲ್ಲ.

2ನೇ ಅಧ್ಯಾಯ ಪುಸ್ತಕದ ತಿರುಳು, ಅದರ ಕೀಲು ಒಂದು ಸಣ್ಣ ಪದ: ‘ಲಾಕೇನ್’, ಆದಕಾರಣ. ಮೂರು ಸಲ ಬರುತ್ತದೆ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. 2:6ರಲ್ಲಿ ಆದಕಾರಣ ಅವಳ ದಾರಿಗೆ ಮುಳ್ಳುಬೇಲಿ. 2:9ರಲ್ಲಿ ಆದಕಾರಣ ಧಾನ್ಯವನ್ನೂ ಉಣ್ಣೆಯನ್ನೂ ಕಿತ್ತುಕೊಳ್ಳುವುದು. 13ನೇ ವಚನದಲ್ಲಿ ಅವಳು ಓಲೆ ಒಡವೆ ಇಟ್ಟುಕೊಂಡು ಪ್ರಿಯರ ಹಿಂದೆ ಹೋಗಿ ನನ್ನನ್ನು ಮರೆತುಬಿಟ್ಟಳು ಎಂದ ಮೇಲೆ, 14ರಲ್ಲಿ ಮೂರನೆಯ ‘ಆದಕಾರಣ’. ಕೇಳುವವನು ಮರಣದಂಡನೆಗೇ ಕಿವಿ ಕೊಟ್ಟಿರುತ್ತಾನೆ. ಬರುವುದು: ಆದಕಾರಣ ನಾನು ಅವಳನ್ನು ಒಲಿಸಿ ಅರಣ್ಯಕ್ಕೆ ಕರೆದುಕೊಂಡು ಹೋಗಿ ಹೃದಯಂಗಮವಾಗಿ ಮಾತಾಡುವೆನು. ತಪ್ಪಿಗೂ ಈ ಒಲವಿಗೂ ನಡುವೆ ತರ್ಕದ ಕೊಂಡಿ ಇಲ್ಲ, ‘ಆದಕಾರಣ’ ಇದೆ. ಕೃಪೆ ಎಂಬ ಪದ ಬಳಸದೆ ಕೃಪೆಯನ್ನು ವ್ಯಾಕರಣದಲ್ಲೇ ತೋರಿಸಿದ ಜಾಗ ಇದು.

ಮುಂದಿನ ವಚನದ ಆಕೋರ್ ತಗ್ಗನ್ನು ಹಾರಿಸಬೇಡಿ. ಯೆಹೋಶುವ 7ರಲ್ಲಿ ಆಕಾನನು ಯೆರಿಕೋವಿನ ಕೊಳ್ಳೆಯನ್ನು ಬಚ್ಚಿಟ್ಟು, ಕುಟುಂಬಸಮೇತ ಕಲ್ಲೇಟು ತಿಂದ ಸ್ಥಳ ಅದು. ಆಕೋರ್ ಎಂದರೆ ತೊಂದರೆ. ದೇಶದೊಳಗೆ ಕಾಲಿಟ್ಟ ಹೊಸತರಲ್ಲೇ ಮಾಡಿದ ಮೊದಲ ದ್ರೋಹದ ಗೋರಿ. ಅದನ್ನೇ ‘ನಿರೀಕ್ಷೆಯ ಬಾಗಿಲು’ ಮಾಡುತ್ತೇನೆ ಎನ್ನುತ್ತಾನೆ. ಆ ಜಾಗವನ್ನು ಬದಿಗೆ ಬಿಟ್ಟು ಬೇರೆ ದಾರಿಯಲ್ಲಿ ಒಳಗೆ ಬರುವುದಿಲ್ಲ, ಕೆಟ್ಟ ಜಾಗದ ಮೂಲಕವೇ ಬರಬೇಕು. ಹೆಸರುಗಳಿಗೂ ಇದೇ ಆಗುತ್ತದೆ: ಲೋ-ರುಹಾಮ, ಲೋ-ಅಮ್ಮಿಗಳಿಂದ ‘ಅಲ್ಲ’ ಎಂಬರ್ಥದ ‘ಲೋ’ ಉದುರುತ್ತದೆ. ಇಜ್ರೇಲ್ ಹೆಸರಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಅರ್ಥ ಮಾತ್ರ ಹೊರಳುತ್ತದೆ. ಅದಕ್ಕೆ ‘ದೇವರು ಬಿತ್ತುತ್ತಾನೆ’ ಎಂಬರ್ಥ. ರಕ್ತ ಚೆಲ್ಲಿದ ಊರು 2:22-23ರಲ್ಲಿ ಬಿತ್ತನೆಯ ಹೊಲವಾಗುತ್ತದೆ.

2:19-20ರ ನಿಶ್ಚಿತಾರ್ಥದಲ್ಲಿ ನೀತಿ, ನ್ಯಾಯ, ಪ್ರೀತಿ, ಕರುಣೆ, ನಂಬಿಗಸ್ತಿಕೆ ಎಂಬ ಐದರ ಪಟ್ಟಿ ಇದೆ. ಇವು ಮದುಮಗ ತೆರುವ ತೆರ. ಈ ಐದರ ಮುಂದೆ ಬರುವ ‘ಬೆ’ ಎಂಬ ಹೀಬ್ರೂ ಉಪಸರ್ಗವೇ 2 ಸಮುವೇಲ 3:14ರಲ್ಲಿ ದಾವೀದ ಮೀಕಲಳಿಗೆ ತೆತ್ತ ಬೆಲೆಗೂ ಬಂದಿದೆ. ಮದುಮಗಳ ಕಡೆಯಿಂದ ಬರಬೇಕಾದದ್ದನ್ನೇ ಮದುಮಗ ಹೊತ್ತು ತರುತ್ತಾನೆ ಎಂಬ ಓದನ್ನು ಕ್ರೈಸ್ತರು ಇಲ್ಲಿಂದಲೇ ಕಟ್ಟುತ್ತಾರೆ, ಅದು ಎಳೆದು ತಂದ ಓದಲ್ಲ.

ಈಗ 3ನೇ ಅಧ್ಯಾಯದಲ್ಲಿ ಹೋಶೇಯ ಅವಳನ್ನು ಬಿಡಿಸಿ ತರಲು ತೆತ್ತ ಬೆಲೆ. 15 ಶೆಕೆಲ್ ಬೆಳ್ಳಿ ಎಂದರೆ ಸುಮಾರು 170 ಗ್ರಾಂ. ಒಂದು ಹೋಮೆರ್ ಕತ್ತೆ ಹೊರುವಷ್ಟು ಧಾನ್ಯ, ಸುಮಾರು 220 ಲೀಟರು, ಅದರರ್ಧ ಲೆತೆಕ್. ಒಟ್ಟು 330 ಲೀಟರು ಜವೆಗೋಧಿ, ತೂಕದಲ್ಲಿ ಹತ್ತಿರಹತ್ತಿರ ಎರಡು ಕ್ವಿಂಟಲ್, ಐವತ್ತು ಕೆ.ಜಿ.ಯ ನಾಲ್ಕು ಮೂಟೆ. ವಿಮೋಚನಕಾಂಡ 21:32ರಲ್ಲಿ ಎತ್ತು ಹಾಯ್ದು ಸತ್ತ ದಾಸಿಗೆ 30 ಶೆಕೆಲ್. ಅರ್ಧ ನಗದು, ಉಳಿದದ್ದು ಕಾಳು: ಕೈಲಿದ್ದ ದುಡ್ಡು ಸಾಲದೆ ಕಣಜ ಬಳಿದು ತಂದಂತಿದೆ. ಜವೆಗೋಧಿ ಬಡವರ ಧಾನ್ಯ ಬೇರೆ. ಇದನ್ನು ಯೂದನ 30 ಬೆಳ್ಳಿಗೆ ಜೋಡಿಸುವ ಪ್ರಸಂಗಗಳಿವೆ. ಆ ಎಳೆ ಬರುವುದು ಜೆಕರ್ಯ 11:12ರಿಂದ, ಹೋಶೇಯನಿಂದಲ್ಲ, ಜೋಡಿಸದಿರುವುದೇ ಒಳ್ಳೆಯದು.

ಬೆಲೆ ತೆತ್ತ ಮೇಲೆ ನೇರ ಮನೆಗೆ ಸೇರಿಸಿಕೊಂಡನೇ? 3:3 ಓದಿ. ಬಹಳ ದಿವಸ ಸುಮ್ಮನೆ ಇರಬೇಕು, ಹಾದರ ನಿಲ್ಲಬೇಕು, ಯಾವ ಗಂಡಸಿನ ಸಂಗವೂ ಇಲ್ಲ. ಆಮೇಲೆ ಹೀಬ್ರೂವಿನಲ್ಲಿ ಮೂರೇ ಪದ: ‘ನಾನೂ ನಿನಗೆ ಹಾಗೆಯೇ’. ಕಾಯುವ ಕಟ್ಟು ಅವನಿಗೂ ಇದೆ. ಜನಾಂಗಕ್ಕೂ ಅಷ್ಟೇ, 3:4ರಲ್ಲಿ ಅರಸನಿಲ್ಲದೆ, ಯಜ್ಞವಿಲ್ಲದೆ ಬಹಳ ದಿನ. ಪುನಃಸ್ಥಾಪನೆ ಎಂದರೆ ಇಲ್ಲಿ ಮೊದಲು ದ್ರೋಹ ನಿಲ್ಲುವುದು, ಆಮೇಲೆ ದೀರ್ಘ ಬಿಡುವು, ಆಮೇಲೆ ಹುಡುಕಿಕೊಂಡು ಬರುವುದು. ನಿಮ್ಮ ಸಹೋದರಿಗೆ ಬುದ್ಧಿ ಹೇಳಿದವರು ಮೊದಲೆರಡನ್ನೂ ಹಾರಿಸಿ ಮೂರನೆಯದಕ್ಕೆ ನೆಗೆದಿದ್ದಾರೆ. ಸಂಬಂಧ ಇನ್ನೂ ನಡೆಯುತ್ತಿರುವಾಗ ಹೋಶೇಯ 3 ಅನ್ವಯವೇ ಆಗುವುದಿಲ್ಲ.

ಪಶ್ಚಾತ್ತಾಪದ ಪರೀಕ್ಷೆಗೂ ಪುಸ್ತಕದಲ್ಲೇ ಸಾಧನವಿದೆ, ಎರಡು ಪ್ರಾರ್ಥನೆಗಳ ರೂಪದಲ್ಲಿ. 6:1-3ನ್ನೂ 14:1-3ನ್ನೂ ಎದುರುಬದುರು ಇಡಿ. ಮೊದಲನೆಯದು ಸುಂದರ: ಬನ್ನಿ, ಯೆಹೋವನ ಕಡೆಗೆ ತಿರುಗೋಣ, ಸೀಳಿದವನೇ ಗುಣಪಡಿಸುವನು, ಎರಡು ದಿನದಲ್ಲಿ ಬದುಕಿಸುವನು, ಮಳೆಯಂತೆ ಬರುವನು. ಹಾಡಲು ಚೆನ್ನ. ಆದರೆ ಏನು ತಪ್ಪು ಮಾಡಿದೆವೆಂದು ಒಂದು ಅಕ್ಷರವಿಲ್ಲ, ದೇವರು ಏನು ಮಾಡುತ್ತಾನೆಂಬುದೇ ಎಲ್ಲ. ತಕ್ಷಣ 6:4ರಲ್ಲಿ ಉತ್ತರ: ನಿಮ್ಮ ಪ್ರೀತಿ ಬೆಳಗಿನ ಮಂಜು. ಇದನ್ನು ಪ್ರಾಮಾಣಿಕ ಪ್ರಾರ್ಥನೆಯೆಂದು ಓದುವ ವಿದ್ವಾಂಸರೂ ಇದ್ದಾರೆ, ನನಗೆ ನಾಲ್ಕನೆಯ ವಚನವನ್ನು ದಾಟಿ ಹಾಗೆ ಓದಲು ಆಗುವುದಿಲ್ಲ. 6:2ರ ‘ಮೂರನೆಯ ದಿನ’ವನ್ನು ಪುನರುತ್ಥಾನಕ್ಕೆ ಹಚ್ಚುವ ವಾಡಿಕೆ ಬಹಳ ಹಳೆಯದು, ಆದರೆ ಹೊಸ ಒಡಂಬಡಿಕೆ ಈ ವಚನವನ್ನು ಹೆಸರಿಸಿ ಉದ್ಧರಿಸಿಲ್ಲ. ಹಚ್ಚುವುದಾದರೆ ಅದು ಯಾರ ಬಾಯಲ್ಲಿ ಬಂದ ಮಾತು ಎಂದು ಹೇಳಿಯೇ ಹಚ್ಚಬೇಕು.

14ರದು ಬೇರೆ ಜಾತಿ. ಮಾತುಗಳನ್ನು ತೆಗೆದುಕೊಂಡು ಬನ್ನಿ ಎಂದು ಶುರುವಾಗುತ್ತದೆ, ಹೋರಿಗಳನ್ನಲ್ಲ. ಆಮೇಲೆ ಬಿಡುವವುಗಳ ಪಟ್ಟಿ: ಅಶ್ಶೂರ ನಮ್ಮನ್ನು ಉಳಿಸದು, ಕುದುರೆ ಹತ್ತೆವು, ಕೈಯಿಂದ ಮಾಡಿದ್ದನ್ನು ‘ನಮ್ಮ ದೇವರೇ’ ಎನ್ನೆವು. ಇದರ ಹಿಂದೆ ಲೆಕ್ಕದ ಪುಸ್ತಕವೇ ಇದೆ. 2 ಅರಸುಗಳು 15:19-20ರಲ್ಲಿ ಇಸ್ರಾಯೇಲಿನ ಅರಸ ಮೆನಹೇಮ ಅಶ್ಶೂರದ ಅರಸನಿಗೆ 1,000 ತಲಾಂತು ಬೆಳ್ಳಿ ಕೊಟ್ಟ, ಅದನ್ನು ಸ್ಥಿತಿವಂತರಿಂದ ತಲಾ 50 ಶೆಕೆಲ್‌ನಂತೆ ವಸೂಲಿ ಮಾಡಿದ. ಯಾರೊಬ್ಬಾಮನ ನಂತರ ಆರು ಅರಸರು, ನಾಲ್ವರು ಕೊಲೆಯಾದರು, ಕ್ರಿ.ಪೂ. 722ರ ಹೊತ್ತಿಗೆ ಸಮಾರ್ಯವೇ ಬಿತ್ತು. ಒಮ್ಮೆ ಐಗುಪ್ತ, ಒಮ್ಮೆ ಅಶ್ಶೂರ ಎಂದು ಹಾರುವ ಪಾರಿವಾಳ (7:11), ತಿರುವಿಹಾಕದ ರೊಟ್ಟಿ (7:8), ಹೆಂಚಿಗೆ ತಾಗಿದ ಕಡೆ ಕರಕಲು, ಮೇಲೆ ಹಸಿ. ದ್ರೋಹಕ್ಕೆ ಹೆಸರಿಟ್ಟು, ಅದರ ಜಾಗ ತೋರಿಸಿ, ಬಿಡುತ್ತೇನೆ ಎನ್ನುವುದು 14. ಪ್ರಾರ್ಥನೆ ಮುಗಿಯುವುದು ‘ದಿಕ್ಕಿಲ್ಲದವನಿಗೆ ನಿನ್ನಲ್ಲಿ ಕರುಣೆ ಸಿಗುತ್ತದೆ’ ಎಂದು. ಆ ಕರುಣೆಯ ಪದದ ಮೂಲ, ಎರಡನೆಯ ಮಗು ರುಹಾಮಳ ಹೆಸರಿನ ಮೂಲ, ಒಂದೇ.

ಹೊಸ ಒಡಂಬಡಿಕೆ ಹೋಶೇಯನನ್ನು ಬಳಸುವ ಮುಖ್ಯ ಜಾಗಗಳನ್ನು ಬೇಗ ಹೇಳುತ್ತೇನೆ. 6:6ರ ‘ಯಜ್ಞ ಬೇಡ, ಕರುಣೆ ಬೇಕು’ ಎಂಬುದನ್ನು ಯೇಸು ಮತ್ತಾಯ 9:13, 12:7ರಲ್ಲಿ ಎರಡು ಸಲ ಹೇಳುತ್ತಾನೆ. ‘ನನ್ನ ಜನವಲ್ಲ’ ಎಂಬುದು ರೋಮಾಪುರದವರಿಗೆ 9:25-26, 1 ಪೇತ್ರ 2:10ರಲ್ಲಿ ಅನ್ಯಜನರಿಗೂ ಚಾಚುತ್ತದೆ. ಹೋಶೇಯನ ಬಾಯಲ್ಲಿ ಅದು ಇಸ್ರಾಯೇಲಿಗೇ ಹೇಳಿದ್ದು; ಪೌಲನು ಬಾಗಿಲನ್ನು ಅಗಲ ಮಾಡುತ್ತಾನೆ, ಮೊದಲಿದ್ದವರನ್ನು ಹೊರಗೆ ಹಾಕುವುದಿಲ್ಲ, ರೋಮಾಪುರದವರಿಗೆ 11 ಅದಕ್ಕೇ ಇದೆ. ಹೆಚ್ಚು ತಲೆಕೆಡಿಸುವುದು ಮತ್ತಾಯ 2:15. ‘ಐಗುಪ್ತದಿಂದ ನನ್ನ ಮಗನನ್ನು ಕರೆದೆನು’ ಎಂಬ ಹೋಶೇಯ 11:1 ಹಿಂದಿನದನ್ನು ನೆನೆಯುವ ಮಾತು, ಮುಂದಿನ ಭವಿಷ್ಯವಲ್ಲ. ಗ್ರೀಕ್ ಭಾಷಾಂತರದಲ್ಲಿ ‘ಅವನ ಮಕ್ಕಳನ್ನು’ ಎಂದಿದೆ, ಮತ್ತಾಯ ಹೀಬ್ರೂವಿನ ‘ನನ್ನ ಮಗ’ವನ್ನೇ ಹಿಡಿಯುತ್ತಾನೆ. ಅವನ ವಾದ ಇಷ್ಟು: ಇಸ್ರಾಯೇಲ್ ಎಂಬ ಮಗ ಐಗುಪ್ತದಿಂದ ಬಂದು ಬಾಳನ ಹಿಂದೆ ಹೋದ, ಅದೇ ದಾರಿಯಲ್ಲಿ ಇನ್ನೊಬ್ಬ ಮಗ ನಡೆದು ಅರಣ್ಯದಲ್ಲಿ ನಿಂತುಕೊಂಡ. ಮತ್ತಾಯ 4 ಇದರ ಮುಂದುವರಿಕೆ.

11:8ನ್ನು ಮಾತ್ರ ನಿಧಾನವಾಗಿ ಓದಿ. ಎಫ್ರಾಯೀಮೇ (ಇಸ್ರಾಯೇಲಿಗೆ ಇನ್ನೊಂದು ಹೆಸರು), ನಿನ್ನನ್ನು ಹೇಗೆ ಬಿಟ್ಟುಬಿಡಲಿ, ಅದ್ಮದಂತೆ ಹೇಗೆ ಮಾಡಲಿ. ಅದ್ಮ, ಸೆಬೋಯೀಮ್‌ಗಳು ಸೊದೋಮಿನ ಜೊತೆ ನಾಶವಾದ ಊರುಗಳು. ಆದಿಕಾಂಡ 19:25ರಲ್ಲಿ ಸೊದೋಮನ್ನು ಕೆಡವಿದ್ದಕ್ಕೆ ಬಳಸಿದ ಕ್ರಿಯಾಪದ ‘ಹಾಫಕ್’, ಬುಡಮೇಲು ಮಾಡು. ಇಲ್ಲಿ ಅದೇ ಕ್ರಿಯಾಪದ, ಆದರೆ ಬುಡಮೇಲಾಗುವುದು ಊರಲ್ಲ, ದೇವರ ಹೃದಯ. ಊರಿನ ಮೇಲೆ ಬೀಳಬೇಕಾದದ್ದು ಅವನೊಳಗೆ ಬಿತ್ತು. ಶಿಲುಬೆಯ ಬಗ್ಗೆ ಹೋಶೇಯನಿಂದ ಏನಾದರೂ ಹೇಳಬೇಕಿದ್ದರೆ ನಾನು ಹೇಳುವುದು ಇದನ್ನೇ.

ನಾಲ್ಕು ವಾರದ ಹಂಚಿಕೆ. 14 ಅಧ್ಯಾಯ, 197 ವಚನ, ಜೋರಾಗಿ ಓದಿದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ವಾರ 2 ಅರಸುಗಳು 15 ಮತ್ತು 17:1-23 ಓದಿಸಿ, ಆಮೇಲೆ ಹೋಶೇಯ 1. ಎರಡನೆಯ ವಾರ 2 ಮತ್ತು 3, ಎರಡನ್ನೂ ಒಂದೇ ಕೂಟದಲ್ಲಿ. ಬೇರೆ ಮಾಡಿದರೆ 2:13ರಲ್ಲಿ ನಿಂತು ಬೈಗುಳ ಹೊತ್ತು ಮನೆಗೆ ಹೋಗುತ್ತಾರೆ. ಮೂರನೆಯ ವಾರ 4:1-14, 6:1-6, 7:8-13, 8:1-7. ಕೊನೆಯ ವಾರ 11 ಮತ್ತು 14. ಯಾರ ಕೈಯಲ್ಲಾದರೂ ಹೀಬ್ರೂ ಎಣಿಕೆಯ ಬೈಬಲ್ ಇದ್ದರೆ 2ನೇ ಅಧ್ಯಾಯದಲ್ಲಿ ಎರಡು ವಚನ, 14ರಲ್ಲಿ ಒಂದು ವಚನ ಮುಂದೆ ಹೋಗಿರುತ್ತದೆ, ಗಲಿಬಿಲಿ ಬೇಡ.

ಎರಡನೆಯ ವಾರಕ್ಕೆ ಮುಂಚೆ ಆ ಸಹೋದರಿಯ ಜೊತೆ ಒಬ್ಬರೇ ಕೂತು ಮಾತಾಡಿ. 2:3ರಲ್ಲಿ ಹೆಂಡತಿಯನ್ನು ಬೆತ್ತಲೆ ಮಾಡುವೆನೆಂಬ ಬೆದರಿಕೆ ಇದೆ, 2:10ರಲ್ಲಿ ಮತ್ತೆ ಬರುತ್ತದೆ. ದೇಶದ ಮೇಲೆ ಬರುವ ಬರ, ದಂಡಯಾತ್ರೆಯ ಚಿತ್ರ ಅದು. ಆದರೂ ಪೆಟ್ಟು ತಿಂದವಳ ಕಿವಿಗೆ ಮೊದಲು ಬೀಳುವುದು ಅಕ್ಷರಾರ್ಥ. ಏನು ಬರುತ್ತದೆಂದು ಮೊದಲೇ ಹೇಳಿ, ಆ ವಾರ ಬರದಿದ್ದರೂ ಪರವಾಗಿಲ್ಲ ಎನ್ನಿ. ಬಂದರೆ ಆ ಭಾಗವನ್ನು ಓದುವ ಸರದಿ ಆಕೆಗೆ ಬಾರದಂತೆ ನೋಡಿಕೊಳ್ಳಿ, ಬೇಕಿದ್ದರೆ ಕೊನೆಯ ವಾರ 14:1-3 ಓದಲಿ. ಮನೆಯಲ್ಲಿ ಹೊಡೆತವೂ ಇದ್ದರೆ ಬೈಬಲ್ ಅಧ್ಯಯನ ಮುಗಿಯುವ ತನಕ ಕಾಯಬೇಡಿ, ಮಹಿಳಾ ಸಹಾಯವಾಣಿಯ ನಂಬರು 181.